ವಿಎಂವೇರ್‌ನ ಹಳೆಯ ಶಾಶ್ವತ ಲೈಸೆನ್ಸಿನಲ್ಲೇ ಉಳಿಯಬೇಕೇ, ಹೊಸ ಚಂದಾ ಕಟ್ಟಬೇಕೇ, ಪ್ರಾಕ್ಸ್‌ಮಾಕ್ಸ್‌ಗೆ ಹೋಗಬೇಕೇ?

ಭೋಸರಿ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗವನ್ನು ನಾನು ಮತ್ತು ನನ್ನ ಸಹಾಯಕ ಇಬ್ಬರೇ ನೋಡಿಕೊಳ್ಳುತ್ತೇವೆ. ನಮ್ಮಲ್ಲಿ ಮೂರು ಸರ್ವರ್‌ಗಳಿವೆ. ಒಂದೊಂದರಲ್ಲಿ ಎರಡು ಪ್ರೊಸೆಸರ್, ಪ್ರತಿ ಪ್ರೊಸೆಸರ್‌ನಲ್ಲಿ 12 ಕೋರ್. ಮೂರಕ್ಕೂ ಸೇರಿ, ನೆಟ್‌ವರ್ಕ್ ಮೂಲಕ ಜೋಡಿಸಿದ ಒಂದೇ ಐಸ್ಕಸಿ ಸ್ಟೋರೇಜ್. 2021ರಲ್ಲಿ, ಒಂದು ಸರ್ವರನ್ನು ಹಲವು ಕಂಪ್ಯೂಟರ್‌ಗಳಂತೆ ಬಳಸಲು ಬಿಡುವ ವಿಎಂವೇರ್‌ನ ವಿಸ್ಫಿಯರ್ 7 ಎಸೆನ್ಷಿಯಲ್ಸ್ ಪ್ಲಸ್ ಕಿಟ್ಟನ್ನು ಶಾಶ್ವತ ಲೈಸೆನ್ಸ್ ಎಂಬ ಭರವಸೆಯ ಮೇಲೆ ಕೊಂಡಿದ್ದೆವು. ಅದರ ಮೇಲೆ 22 ವಿಎಂಗಳು (ಸರ್ವರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳು) ಓಡುತ್ತಿವೆ. ಒಂಬತ್ತು ವಿಂಡೋಸ್, ಉಳಿದವು ಲಿನಕ್ಸ್. ಕಾರ್ಖಾನೆಯ ವ್ಯವಹಾರ ನೋಡುವ ಇಆರ್‌ಪಿ, ಡೇಟಾಬೇಸ್ ಇರುವ ಎಸ್‌ಕ್ಯೂಎಲ್ ಸರ್ವರ್, ಟ್ಯಾಲಿ, ವಿನ್ಯಾಸ ವಿಭಾಗದ ಕ್ಯಾಡ್ ಲೈಸೆನ್ಸ್ ಸರ್ವರ್ ಎಲ್ಲವೂ ಅದರಲ್ಲೇ ಇವೆ.

ಬೆಂಬಲದ ಒಪ್ಪಂದ ಮುಗಿದು ವರ್ಷವಾಗುತ್ತ ಬಂತು. ಡೀಲರ್ ಕಳುಹಿಸಿದ ಹೊಸ ಕೊಟೇಶನ್ ನೋಡಿ ಮಾಲೀಕರು ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟು, "ಓಡುತ್ತಿರುವ ಗಾಡಿಯನ್ನು ಏಕೆ ಬಿಚ್ಚಬೇಕು?" ಎಂದು ಕೇಳಿದರು. ನಮ್ಮದು 72 ಕೋರ್, ಆದರೆ ಕೊಟೇಶನ್‌ನಲ್ಲಿ 96 ಕೋರ್ ಎಂದಿದೆ. ಇದು ಡೀಲರನ ತಪ್ಪೇ? ಇದ್ದ ಲೈಸೆನ್ಸಿನಲ್ಲೇ ಇನ್ನೆರಡು ವರ್ಷ ತಳ್ಳಬಹುದೇ? ಬಿಡುವುದಾದರೆ ಎಲ್ಲಿಗೆ ಹೋಗುವುದು? ಇಬ್ಬರೇ ಇರುವ ವಿಭಾಗ ನಮ್ಮದು ಎಂಬುದನ್ನು ಗಮನದಲ್ಲಿಟ್ಟು ಹೇಳಿ.

ಠಾಣೆ ಲೈಸೆನ್ಸ್ ಲೆಕ್ಕ:
ಡೀಲರನ ತಪ್ಪಲ್ಲ. ಈಗಿನ ನಿಯಮದಲ್ಲಿ ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್ ಎಂದು ಲೆಕ್ಕ ಹಿಡಿಯುತ್ತಾರೆ. ನಿಮ್ಮ ಪ್ರೊಸೆಸರ್‌ನಲ್ಲಿ 12 ಇದ್ದರೂ 16ಕ್ಕೆ ಹಣ ಕೊಡಬೇಕು. ಆರು ಪ್ರೊಸೆಸರ್‌ಗೆ 96. ಇಲ್ಲದ 24 ಕೋರ್‌ಗೆ ನೀವು ವರ್ಷವರ್ಷ ಚಂದಾ ಕಟ್ಟುತ್ತೀರಿ ಎಂದಾಯಿತು.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬ್ರಾಡ್‌ಕಾಮ್ ಕಂಪನಿಯು ವಿಎಂವೇರ್ ಅನ್ನು ಕೊಳ್ಳುವುದಾಗಿ 2022ರ ಮೇ ತಿಂಗಳಲ್ಲಿ ಪ್ರಕಟಿಸಿ, 2023ರ ನವೆಂಬರ್ 22ರಂದು ವ್ಯವಹಾರ ಮುಗಿಸಿತು. ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟವನ್ನು ನಿಲ್ಲಿಸಿ, ಎಲ್ಲವನ್ನೂ ಚಂದಾ ಪದ್ಧತಿಗೆ ತಂದಿತು. ಸಣ್ಣವರಿಗೆಂದೇ ಇದ್ದ ಎಸೆನ್ಷಿಯಲ್ಸ್ ಪ್ಲಸ್ ಕಿಟ್ 2024ರ ಕೊನೆಯ ಹೊತ್ತಿಗೆ ಮಾರಾಟದ ಪಟ್ಟಿಯಿಂದಲೇ ಹೋಯಿತು. ನಿಮ್ಮ ಕಿಟ್ಟಿಗೆ ಸಮನಾದ ವಸ್ತು ಈಗ ಅಂಗಡಿಯಲ್ಲಿಲ್ಲದ ಕಾರಣ, ಮೇಲಿನ ದರ್ಜೆಯದನ್ನು ತೋರಿಸುತ್ತಿದ್ದಾರೆ.

ಮಡಗಾಂವ್ ಮೂವತ್ತು ಕಂಪ್ಯೂಟರ್:
ಶಾಶ್ವತ ಲೈಸೆನ್ಸ್ ಎಂದ ಮೇಲೆ ಶಾಶ್ವತವೇ. ಯಾರೂ ಬಂದು ಕಿತ್ತುಕೊಂಡು ಹೋಗಲಾರರು. ಮಾಲೀಕರು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಐರೋಲಿ ರಾತ್ರಿಪಾಳಿ:
ಬಳಸುವ ಹಕ್ಕು ಶಾಶ್ವತ, ರಿಪೇರಿಯ ಹಕ್ಕು ಶಾಶ್ವತವಲ್ಲ. ವಿಸ್ಫಿಯರ್ 7ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ರಂದೇ ಮುಗಿಯಿತು. ಇನ್ನು ಮುಂದೆ ಸಿಗುವ ತೂತುಗಳಿಗೆ ತೇಪೆ, ಅಂದರೆ ಪ್ಯಾಚ್, ಬರುವುದಿಲ್ಲ.

ಇದರಲ್ಲಿ ಇನ್ನೊಂದು ತೊಡಕಿದೆ. ಬೆಂಬಲ ಮುಗಿದವರಿಗೂ ಅತಿ ಗಂಭೀರವಾದ ಭದ್ರತಾ ಪ್ಯಾಚ್‌ಗಳನ್ನು ಉಚಿತವಾಗಿ ಕೊಡುತ್ತೇವೆಂದು ಬ್ರಾಡ್‌ಕಾಮ್‌ನ ಮುಖ್ಯಸ್ಥರು 2024ರ ಏಪ್ರಿಲ್‌ನಲ್ಲಿ ಹೇಳಿದ್ದರು. ಆದರೆ ಆ ಮಾತು ಬೆಂಬಲದಲ್ಲಿರುವ ಆವೃತ್ತಿಗಳಿಗೆ ಮಾತ್ರ ಅನ್ವಯಿಸುತ್ತದೆ. ನಿಮ್ಮ 7 ಈಗ ಆ ನೆರಳಿನಿಂದಲೂ ಹೊರಗಿದೆ. ಬೆಂಬಲ ಮುಗಿದ ಮೇಲೆ ಬಂದ ಬೇರೆ ಪ್ಯಾಚ್‌ಗಳನ್ನು ಹಾಕಿಕೊಂಡಿದ್ದರೆ ತೆಗೆದುಹಾಕಿ ಎಂದು ಶಾಶ್ವತ ಲೈಸೆನ್ಸ್‌ದಾರರಿಗೆ 2025ರಲ್ಲಿ ಪತ್ರಗಳೂ ಹೋಗಿವೆ. ನಿಮ್ಮ ಒಪ್ಪಂದ ಮುಗಿದ ದಿನ ಯಾವುದು, ಕೊನೆಯ ಪ್ಯಾಚ್ ಹಾಕಿದ ದಿನ ಯಾವುದು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.

ಹಿಂಜವಡಿ ಲಿನಕ್ಸ್:
ನೇರವಾಗಿ ಪ್ರಾಕ್ಸ್‌ಮಾಕ್ಸ್‌ಗೆ ಬನ್ನಿ. ಲಿನಕ್ಸ್‌ನ ಡೆಬಿಯನ್ ಆವೃತ್ತಿಯ ಮೇಲೆ ಕಟ್ಟಿದ್ದು, ಒಳಗಿದ್ದು ವಿಎಂಗಳನ್ನು ಓಡಿಸುವುದು ಕೆವಿಎಂ. ಲೈಸೆನ್ಸ್ ಎಜಿಪಿಎಲ್ 3, ಅಂದರೆ ಮುಕ್ತ ತಂತ್ರಾಂಶ. ಬಳಸಲು ಒಂದು ರೂಪಾಯಿಯೂ ಬೇಡ. ಬೆಂಬಲ ಬೇಕಿದ್ದರೆ ಚಂದಾ ಇದೆ, ಅದೂ ಕೋರ್ ಲೆಕ್ಕದಲ್ಲಲ್ಲ, ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಲೆಕ್ಕದಲ್ಲಿ. ನಿಮಗೆ ಆರು ಸಾಕೆಟ್, ಅಷ್ಟೇ. ನಾವು 40 ವಿಎಂಗಳನ್ನು ಎರಡು ತಿಂಗಳಲ್ಲಿ ಸಾಗಿಸಿದೆವು.

ಡೊಂಬಿವಲಿ ಬ್ಯಾಂಕಿನವ:
"ಒಂದು ರೂಪಾಯಿಯೂ ಬೇಡ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಒಂದು ನಗರ ಸಹಕಾರಿ ಬ್ಯಾಂಕಿನಲ್ಲಿದ್ದೇನೆ. 2019ರ ಡಿಸೆಂಬರ್ 31ರ ಆರ್‌ಬಿಐ ಸುತ್ತೋಲೆಯು ನಗರ ಸಹಕಾರಿ ಬ್ಯಾಂಕುಗಳನ್ನು ಅವುಗಳ ಡಿಜಿಟಲ್ ಸೇವೆಗಳ ಆಳಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿ, ಒಂದೊಂದು ಹಂತಕ್ಕೂ ಭದ್ರತೆಯ ಕರ್ತವ್ಯಗಳನ್ನು ನಿಗದಿಪಡಿಸಿದೆ. ಆಡಿಟರ್ ಬಂದಾಗ, "ಈ ತಂತ್ರಾಂಶದಲ್ಲಿ ದೋಷ ಕಂಡರೆ ಯಾರು ಸರಿಪಡಿಸುತ್ತಾರೆ, ಎಷ್ಟು ದಿನದಲ್ಲಿ?" ಎಂದು ಕೇಳುತ್ತಾರೆ. ಅಂತರ್ಜಾಲದಲ್ಲಿ ಯಾರಾದರೂ ಉತ್ತರಿಸುತ್ತಾರೆ ಎಂದು ಹೇಳಲು ಬರುವುದಿಲ್ಲ. ಸಹಿ ಹಾಕಿದ ಒಪ್ಪಂದ ತೋರಿಸಬೇಕು.

ನಮ್ಮ ಕ್ಷೇತ್ರದವರಿಗೆ ಈ ಭಯ ಸುಮ್ಮನೆ ಬಂದದ್ದಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಬ್ಯಾಂಕಿನಲ್ಲಿ ಕಾರ್ಡ್ ವ್ಯವಹಾರಗಳಿಗೆ ಒಪ್ಪಿಗೆ ಕೊಡುವ ಎಟಿಎಂ ಸ್ವಿಚ್‌ಗೆ ಬದಲಾಗಿ ನಕಲಿ ಸ್ವಿಚ್ ಕೂರಿಸಿ, ಸುಮಾರು 94 ಕೋಟಿ ರೂಪಾಯಿ ಸೆಳೆದಿದ್ದರು. ಅಂದಿನಿಂದ ಮಹಾರಾಷ್ಟ್ರದ ಪ್ರತಿ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯಲ್ಲೂ ಈ ಪ್ರಶ್ನೆ ಏಳುತ್ತದೆ.

ಹಿಂಜವಡಿ ಲಿನಕ್ಸ್:
ನಾನು ಬೆಂಬಲ ಬೇಡ ಎನ್ನಲಿಲ್ಲ ಸರ್. ಚಂದಾ ಕಟ್ಟಿದರೆ ಎಂಟರ್‌ಪ್ರೈಸ್ ರೆಪಾಸಿಟರಿಯಿಂದ (ಅಪ್‌ಡೇಟ್‌ಗಳ ಭಂಡಾರ) ಪರೀಕ್ಷಿತ ಅಪ್‌ಡೇಟ್ ಸಿಗುತ್ತದೆ, ಅವರ ಇಂಜಿನಿಯರುಗಳಿಗೆ ದೂರು ಬರೆಯಬಹುದು. ಕಟ್ಟದಿದ್ದರೂ ಬಳಕೆ ಕಾನೂನುಬದ್ಧವೇ. ಆದರೆ ಚಂದಾ ಇಲ್ಲದ ರೆಪಾಸಿಟರಿಯನ್ನು ಉತ್ಪಾದನೆಯ ಸರ್ವರ್‌ಗಳಿಗೆ ಅವರೇ ಶಿಫಾರಸು ಮಾಡುವುದಿಲ್ಲ. ಕಾರ್ಖಾನೆಗೆ ಚಂದಾ ಸಹಿತವಾಗಿಯೇ ಹೋಗಿ ಎಂದು ನನ್ನ ಮೊದಲಿನ ಮಾತನ್ನು ತಿದ್ದಿಕೊಳ್ಳುತ್ತೇನೆ.

ಐರೋಲಿ ರಾತ್ರಿಪಾಳಿ:
ಪ್ರಾಕ್ಸ್‌ಮಾಕ್ಸ್ ಕಂಪನಿಯ ಕಚೇರಿ ಇರುವುದು ವಿಯೆನ್ನಾದಲ್ಲಿ. ಬೆಂಬಲ ಸಿಗುವುದು ಅಲ್ಲಿಯ ಕೆಲಸದ ವೇಳೆಯಲ್ಲಿ. ನಮ್ಮ ಬೆಳಗಿನ ಪಾಳಿ ಎಂಟಕ್ಕೆ ಶುರುವಾದಾಗ ಅಲ್ಲಿ ಇನ್ನೂ ನಸುಕು. ಸ್ಥಳೀಯ ಪಾಲುದಾರರೊಬ್ಬರ ಜೊತೆ ಫೋನ್ ಎತ್ತುವ ಒಪ್ಪಂದವನ್ನೂ ಮಾಡಿಕೊಳ್ಳಬೇಕು, ಅದರ ಖರ್ಚನ್ನೂ ಸೇರಿಸಿ ಮಾಲೀಕರಿಗೆ ತೋರಿಸಬೇಕು.

ಮಾಟುಂಗಾ ಹಳಬ:
ಕೆವಿಎಂ ಹೊಸಬರ ಆಟಿಕೆ ಎಂಬ ಅಳುಕು ಯಾರಿಗಾದರೂ ಇದ್ದರೆ ಬಿಡಲಿ. ಅದು 2007ರ ಫೆಬ್ರವರಿಯಲ್ಲಿ, 2.6.20 ಆವೃತ್ತಿಯೊಂದಿಗೆ, ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಕ್ಕೆ ಬಂತು. ಗೂಗಲ್‌ನ ಕ್ಲೌಡ್ ಅದರ ಮೇಲೆ ನಿಂತಿದೆ. ಅಮೆಜಾನ್‌ನ ಕ್ಲೌಡ್ ನಡೆಸುವ ನೈಟ್ರೋ ಕೂಡ ಅದೇ ಬೇರಿನಿಂದ ಬಂದದ್ದು. ಹಾಗೆಂದು ಅದರಲ್ಲಿ ತೂತೇ ಇಲ್ಲ ಎಂದೂ ಅಲ್ಲ. 2015ರಲ್ಲಿ ವೆನಮ್ ಎಂಬ ದೋಷ ಕಂಡಾಗ, ಯಾರೂ ಬಳಸದ ಫ್ಲಾಪಿ ಡ್ರೈವಿನ ಅನುಕರಣೆಯ ಕೋಡ್ ಮೂಲಕ ಅತಿಥಿ ವಿಎಂನಿಂದ ಹೊರಗೆ ಜಿಗಿಯಬಹುದಿತ್ತು. ಯಾವ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ತಂತ್ರಾಂಶ) ಆದರೂ ಪ್ಯಾಚ್ ಹಾಕುವವನ ಶಿಸ್ತಿನಷ್ಟೇ ಭದ್ರ.

ಮಡಗಾಂವ್ ಮೂವತ್ತು ಕಂಪ್ಯೂಟರ್:
ನಮ್ಮ ಹೋಟೆಲಿನ ಎರಡು ಸರ್ವರ್‌ಗಳಲ್ಲಿ ಮೈಕ್ರೋಸಾಫ್ಟ್ ಉಚಿತವಾಗಿ ಕೊಟ್ಟ ಹೈಪರ್-ವಿ ಸರ್ವರ್ 2019 ಇದೆ. ತೊಂದರೆಯಿಲ್ಲದೆ ಓಡುತ್ತಿದೆ. ಅದನ್ನು ಏಕೆ ಯಾರೂ ಹೇಳುತ್ತಿಲ್ಲ?

ಠಾಣೆ ಲೈಸೆನ್ಸ್ ಲೆಕ್ಕ:
ಆ ಉಚಿತ ಆವೃತ್ತಿ 2019ಕ್ಕೇ ಕೊನೆ, ಅದರ ನಂತರ ಹೊಸದು ಬರಲಿಲ್ಲ. ಭದ್ರತಾ ಪ್ಯಾಚ್‌ಗಳು 2029ರ ಜನವರಿ 9ರವರೆಗೆ ಬರುತ್ತವೆ. ಇದ್ದವರು ನಿಶ್ಚಿಂತೆಯಿಂದ ಅಲ್ಲಿಯವರೆಗೆ ಬಳಸಬಹುದು. ಈಗ ಹೊಸದಾಗಿ ಅದರ ಮೇಲೆ ಕಟ್ಟಲು ಹೊರಡುವುದು ಜಾಣತನವಲ್ಲ. ವಿಂಡೋಸ್ ಸರ್ವರ್‌ನೊಳಗಿನ ಹೈಪರ್-ವಿ ಮಾತ್ರ ಚೆನ್ನಾಗಿಯೇ ಮುಂದುವರಿದಿದೆ.

ಭೋಸರಿಯವರೇ, ವಿಂಡೋಸ್ ಮಾತು ಬಂದದ್ದರಿಂದ ಕೇಳುತ್ತೇನೆ. ನಿಮ್ಮ ಒಂಬತ್ತು ವಿಂಡೋಸ್ ವಿಎಂಗಳಿಗೆ ಎಷ್ಟು ಕೋರ್ ಲೈಸೆನ್ಸ್ ಕೊಂಡಿದ್ದೀರಿ? ಅವುಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸರಿಸುತ್ತೀರಾ?

ಭೋಸರಿ ಕನ್ನಡಿಗ:
ಸ್ಟಾಂಡರ್ಡ್ ಆವೃತ್ತಿ, ಒಟ್ಟು 120 ಕೋರ್, ಸಾಫ್ಟ್‌ವೇರ್ ಅಶ್ಯೂರೆನ್ಸ್ (ಮೈಕ್ರೋಸಾಫ್ಟ್‌ನ ನಿರ್ವಹಣಾ ಒಪ್ಪಂದ) ಇಲ್ಲದೆ. ತಿಂಗಳಿಗೊಮ್ಮೆ ಸರ್ವರ್‌ಗಳ ನಿರ್ವಹಣೆ ಮಾಡುವಾಗ ಒಂದೊಂದನ್ನೇ ಖಾಲಿ ಮಾಡಬೇಕಾದ್ದರಿಂದ, ವಿಎಂಗಳನ್ನು ಆಚೀಚೆ ಸರಿಸಿಯೇ ಸರಿಸುತ್ತೇವೆ ಮೇಡಂ. ಅದಕ್ಕೆಂದೇ ಅಲ್ಲವೇ ಆ ಸೌಲಭ್ಯಕ್ಕೆ ಹಣ ಕೊಟ್ಟದ್ದು?

ಠಾಣೆ ಲೈಸೆನ್ಸ್ ಲೆಕ್ಕ:
ಹಾಗಿದ್ದರೆ ನಿಮ್ಮ ದೊಡ್ಡ ತೊಂದರೆ ವಿಎಂವೇರ್ ಅಲ್ಲವೇ ಅಲ್ಲ. ದಯವಿಟ್ಟು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ.

ಸ್ಟಾಂಡರ್ಡ್ ಲೈಸೆನ್ಸಿನಲ್ಲಿ, ಒಂದು ಸರ್ವರ್‌ನ ಎಲ್ಲ ಕೋರ್‌ಗಳಿಗೂ ಒಮ್ಮೆ ಹಣ ಕೊಟ್ಟರೆ ಅದರ ಮೇಲೆ ಎರಡು ವಿಂಡೋಸ್ ವಿಎಂ ಓಡಿಸಬಹುದು. ನಿಮ್ಮ ಸರ್ವರ್‌ನಲ್ಲಿ 24 ಕೋರ್. ಐದು ವಿಎಂ ಒಂದರಲ್ಲಿ, ನಾಲ್ಕು ಇನ್ನೊಂದರಲ್ಲಿ ಕದಲದೆ ಕೂತಿದ್ದರೆ, ಮೊದಲನೆಯದಕ್ಕೆ ಮೂರು ಪಾಲು, ಎರಡನೆಯದಕ್ಕೆ ಎರಡು ಪಾಲು. ಐದು ಗುಣಿಸು 24, ಒಟ್ಟು 120. ನಿಮಗೆ ಮಾರಿದವರು ಈ ಲೆಕ್ಕ ಹಿಡಿದೇ ಮಾರಿದ್ದಾರೆ. ಆದರೆ ಲೈಸೆನ್ಸ್ ಅಂಟಿಕೊಂಡಿರುವುದು ಕಬ್ಬಿಣಕ್ಕೆ, ವಿಎಂಗಲ್ಲ. ಅದನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ವರ್ಗಾಯಿಸಿದರೆ, ಯಂತ್ರವೇ ಶಾಶ್ವತವಾಗಿ ಕೆಟ್ಟ ಸಂದರ್ಭ ಬಿಟ್ಟು, 90 ದಿನ ಮತ್ತೆ ಅಲುಗಾಡಿಸುವಂತಿಲ್ಲ. ಒಂಬತ್ತೂ ವಿಎಂಗಳು ಯಾವ ಸರ್ವರ್‌ಗಾದರೂ ಹೋಗಬಹುದು ಎಂದಾದರೆ, ಮೂರೂ ಸರ್ವರ್‌ಗಳು ಒಂಬತ್ತನ್ನೂ ಹೊರುವಷ್ಟು ಲೈಸೆನ್ಸ್ ಹೊಂದಿರಬೇಕು. ಸರ್ವರ್‌ಗೆ 120ರಂತೆ 360 ಕೋರ್. ಅಥವಾ ಎಷ್ಟು ವಿಎಂಗಳನ್ನಾದರೂ ಓಡಿಸಬಹುದಾದ ಡೇಟಾಸೆಂಟರ್ ಆವೃತ್ತಿ, 72 ಕೋರ್‌ಗೆ. 2022ರ ಅಕ್ಟೋಬರ್‌ನಿಂದ ವಿಎಂ ಲೆಕ್ಕದಲ್ಲಿ ಕೊಳ್ಳುವ ದಾರಿಯೂ ಇದೆ, ವಿಎಂಗೆ ಕನಿಷ್ಠ ಎಂಟು ಕೋರ್. ಅದಕ್ಕೆ ಸಾಫ್ಟ್‌ವೇರ್ ಅಶ್ಯೂರೆನ್ಸ್ ಅಥವಾ ಚಂದಾ ಬೇಕು.

ಈ ನಿಯಮ ಕೆಳಗೆ ವಿಎಂವೇರ್ ಇದ್ದರೂ ಒಂದೇ, ಪ್ರಾಕ್ಸ್‌ಮಾಕ್ಸ್ ಇದ್ದರೂ ಒಂದೇ. ಹೈಪರ್‌ವೈಸರ್ ಬದಲಿಸಿದ ಮಾತ್ರಕ್ಕೆ ಮೈಕ್ರೋಸಾಫ್ಟ್‌ನ ಬಿಲ್ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನದ್ದು ಇದರ ಮೇಲಿನ ಪ್ರತ್ಯೇಕ ಲೆಕ್ಕ. ಕೋರ್ ಲೈಸೆನ್ಸ್ ಆದರೆ ವಿಎಂಗೆ ಕನಿಷ್ಠ ನಾಲ್ಕು.

ಭೋಸರಿ ಕನ್ನಡಿಗ:
ಓದುತ್ತಿದ್ದಂತೆ ಕೈಕಾಲು ತಣ್ಣಗಾದವು. ನಾಲ್ಕು ವರ್ಷದಿಂದ ನಾವು ನಿಯಮ ಮೀರುತ್ತಿದ್ದೇವೆ ಎಂದು ನನಗೆ ಇವತ್ತೇ ತಿಳಿದದ್ದು.

ಹಿಂಜವಡಿ ಲಿನಕ್ಸ್:
ಗಾಬರಿಯಾಗಬೇಡಿ. ವಿಂಡೋಸ್ ವಿಎಂಗಳನ್ನು ಎರಡು ಸರ್ವರ್‌ಗಳಿಗೆ ಕಟ್ಟಿಹಾಕಿ, ಲಿನಕ್ಸ್‌ನವು ಮಾತ್ರ ಓಡಾಡಲಿ. ಒಂಬತ್ತರಲ್ಲಿ ನಿಜಕ್ಕೂ ವಿಂಡೋಸೇ ಬೇಕಾದವು ಎಷ್ಟು ಎಂದೂ ಲೆಕ್ಕ ಹಾಕಿ. ಫೈಲ್ ಸರ್ವರ್, ಪ್ರಿಂಟ್ ಸರ್ವರ್‌ಗಳಿಗೆ ಬೇಕಾಗಿಲ್ಲ.

ಮೀರಾ ರೋಡ್ ನೆಟ್‌ವರ್ಕ್:
ಇಷ್ಟೆಲ್ಲ ತಲೆನೋವು ಏಕೆ? ನವಿ ಮುಂಬಯಿಯ ಹಲವು ಸಣ್ಣ ಕಚೇರಿಗಳಲ್ಲಿ ಹೊಸ ಆವೃತ್ತಿಯ ಲೈಸೆನ್ಸ್ ಕೀಯನ್ನು ಅಂತರ್ಜಾಲದಿಂದ ತಂದು ಹಾಕಿ ನಡೆಸುವುದನ್ನು ಕಣ್ಣಾರೆ ಕಂಡಿದ್ದೇನೆ. ಯಾರೂ ಕೇಳುವುದಿಲ್ಲ.

ಮಾಟುಂಗಾ ಹಳಬ:
ಈ ಸಲಹೆಯನ್ನು ಯಾರೂ ಪಾಲಿಸಬಾರದು ಎಂದು ಕಳಕಳಿಯಿಂದ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ವಿಧಿಯ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಬಳಸಿದವರಿಗೆ ಕನಿಷ್ಠ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆಮನೆ, 50,000ದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಇದೆ. ಕಾಗದಕ್ಕೆ ಸಹಿ ಹಾಕುವವರು ಮಾಲೀಕರಾದರೂ, ಕೀಲಿಮಣೆಯ ಮೇಲೆ ಬೆರಳಿಡುವವರು ನೀವು. ಅದೂ ಅಲ್ಲದೆ, ಕಳ್ಳ ಕೀ ಹುಡುಕಲು ಹೋದ ಜಾಗದಿಂದ ಬರುವ ಫೈಲಿನಲ್ಲಿ ಮತ್ತೇನು ಅಂಟಿಕೊಂಡು ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಐರೋಲಿ ರಾತ್ರಿಪಾಳಿ:
ಹಿರಿಯರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

2023ರ ಮಳೆಗಾಲದಲ್ಲಿ ಅಂಧೇರಿಯ ಒಂದು ಸಂಸ್ಥೆಯಿಂದ ರಾತ್ರಿ ಎರಡೂವರೆಗೆ ಕರೆ ಬಂತು. ಹೋಗಿ ನೋಡಿದರೆ ಸರ್ವರ್‌ಗಳೆಲ್ಲ ಚಾಲೂ ಇವೆ, ಹಸಿರು ದೀಪ ಉರಿಯುತ್ತಿದೆ, ಒಂದು ವಿಎಂ ಕೂಡ ಏಳುತ್ತಿಲ್ಲ. ವಿಎಂವೇರ್‌ನ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐ ಒಳಹೊಕ್ಕು, ವಿಎಂಗಳ ಡಿಸ್ಕ್‌ಗಳಿರುವ ಡೇಟಾಸ್ಟೋರ್‌ನ ಫೋಲ್ಡರ್ ತೆರೆದೆ. ಪ್ರತಿ ಡಿಸ್ಕ್ ಫೈಲಿನ ಹೆಸರಿನ ಬಾಲಕ್ಕೂ ಹೊಸದೊಂದು ಹೆಸರು ಅಂಟಿತ್ತು. ಗಾತ್ರ ಅಷ್ಟೇ, ತಾರೀಖು ಮಾತ್ರ ಅದೇ ರಾತ್ರಿಯದು, ಒಂದು ಗಂಟೆ ಹತ್ತು ನಿಮಿಷದಿಂದ ಒಂದು ಐವತ್ತರವರೆಗೆ. ನಲವತ್ತು ನಿಮಿಷದಲ್ಲಿ ಹದಿನೇಳು ವಿಎಂಗಳು ಹೋಗಿದ್ದವು. ದಾಳಿಕೋರರು ಒಂದೊಂದು ವಿಂಡೋಸ್ ಒಳಗೆ ನುಗ್ಗುವ ಶ್ರಮವನ್ನೇ ಪಡಲಿಲ್ಲ. ಕೆಳಗಿನ ಹೈಪರ್‌ವೈಸರ್ ಹಿಡಿದು ವಿಎಂಗಳನ್ನು ನಿಲ್ಲಿಸಿ, ಡಿಸ್ಕ್‌ಗಳನ್ನೇ ಬೀಗ ಹಾಕಿದ್ದರು. ವಿಎಂಗಳೊಳಗಿನ ಆಂಟಿವೈರಸ್‌ಗೆ ಏನೂ ಕಾಣಲಿಲ್ಲ.

ಬ್ಯಾಕಪ್ ಸರ್ವರ್ ಕೂಡ ಅದೇ ಡೊಮೇನ್‌ನಲ್ಲಿ (ಎಲ್ಲ ಲಾಗಿನ್‌ಗಳನ್ನು ಒಂದೇ ಕಡೆಯಿಂದ ನೋಡುವ ವ್ಯವಸ್ಥೆ), ಅದೇ ಅಡ್ಮಿನ್ ಪಾಸ್‌ವರ್ಡಿನಲ್ಲಿ ಇದ್ದುದರಿಂದ ಅದನ್ನೂ ಅಳಿಸಿದ್ದರು. ಕೊನೆಗೆ ಉಳಿಸಿದ್ದು ಲೆಕ್ಕಪತ್ರ ವಿಭಾಗದ ಕಬ್ಬಿಣದ ಬೀರುವಿನಲ್ಲಿದ್ದ ಆರು ಟೇಪ್ ಕ್ಯಾಸೆಟ್‌ಗಳು. ಅಲ್ಲಿಯ ಹಿರಿಯ ಗುಮಾಸ್ತರೊಬ್ಬರು ಪ್ರತಿ ಶುಕ್ರವಾರ ಸಂಜೆ ಟೇಪ್ ತೆಗೆದು, ಬಾಲ್ ಪೆನ್ನಿನಲ್ಲಿ ತಾರೀಖು ಬರೆದು, ಬೀರುವಿಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದರು. ಮೊದಲ ಟೇಪಿನಿಂದ ಇಆರ್‌ಪಿ ಡೇಟಾಬೇಸ್ ವಾಪಸು ಬರಲು ಹನ್ನೊಂದು ಗಂಟೆ ಹಿಡಿಯಿತು. ಆ ಹನ್ನೊಂದು ಗಂಟೆ ಆ ಗುಮಾಸ್ತರು ಕುರ್ಚಿ ಬಿಟ್ಟು ಏಳಲಿಲ್ಲ.

ಭೋಸರಿಯವರು ಯಾವ ಹೈಪರ್‌ವೈಸರ್ ಆರಿಸಿದರೂ ಸರಿ, ಬ್ಯಾಕಪ್‌ನ ಒಂದು ಪ್ರತಿ ತಂತಿಯಿಂದ ಬಿಡಿಸಿಕೊಂಡು ಬೇರೆ ಕಡೆ ಇರಲಿ.

ಡೊಂಬಿವಲಿ ಬ್ಯಾಂಕಿನವ:
ಅಂಥ ಸಂದರ್ಭದಲ್ಲಿ ಆರು ಗಂಟೆಯ ಗಡುವೂ ಇದೆ ಎಂಬುದು ನೆನಪಿರಲಿ. ಸೈಬರ್ ಘಟನೆಗಳನ್ನು ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ಯಂತ್ರದ ಚಟುವಟಿಕೆಯ ದಾಖಲೆ) ಇಟ್ಟಿರಬೇಕು. ಬ್ಯಾಂಕಿಗಷ್ಟೇ ಅಲ್ಲ, ಖಾಸಗಿ ಕಾರ್ಖಾನೆಗೂ ಅನ್ವಯಿಸುತ್ತದೆ. ಹೈಪರ್‌ವೈಸರ್‌ನ ಲಾಗ್ ಅದರೊಳಗೇ ಇದ್ದರೆ ಅದರೊಂದಿಗೇ ಹೋಗುತ್ತದೆ. ಲಾಗ್ ಕೂಡಿಡುವ ಬೇರೆಯದೊಂದು ಸಿಸ್‌ಲಾಗ್ ಸರ್ವರ್‌ಗೆ ಕಳುಹಿಸುತ್ತಿರಬೇಕು.

ಮಡಗಾಂವ್ ಮೂವತ್ತು ಕಂಪ್ಯೂಟರ್:
ಆ ದಾಳಿಗೆ ಪ್ಯಾಚ್ ಇರಲಿಲ್ಲವೇ?

ಐರೋಲಿ ರಾತ್ರಿಪಾಳಿ:
ಅಲ್ಲಿ ದಾರಿ ಮಾಡಿಕೊಟ್ಟದ್ದು ಕದ್ದ ಪಾಸ್‌ವರ್ಡ್. ಆದರೆ ನಿಮ್ಮ ಪ್ರಶ್ನೆಗೆ ಸರಿಯಾದ ಉದಾಹರಣೆ ಅದೇ ವರ್ಷದ ಫೆಬ್ರವರಿಯ ಇಎಸ್‌ಎಕ್ಸ್‌ಐಆರ್ಗ್ಸ್ ದಾಳಿ. ಅದರಲ್ಲಿ ಬಳಕೆಯಾಯಿತೆಂದು ಹೇಳಲಾದ ದೋಷ ಸಿವಿಇ-2021-21974, ನೆಟ್‌ವರ್ಕ್‌ನಲ್ಲಿ ಸೇವೆಗಳನ್ನು ಹುಡುಕಿಕೊಡುವ, 427ನೇ ಪೋರ್ಟಿನ ಓಪನ್‌ಎಸ್‌ಎಲ್‌ಪಿಯದು. ಅದಕ್ಕೆ ಪ್ಯಾಚ್ 2021ರ ಫೆಬ್ರವರಿಯಲ್ಲೇ ಬಂದಿತ್ತು. ಎರಡು ವರ್ಷ ಹಾಕದೆ, ಅಂತರ್ಜಾಲಕ್ಕೆ ತೆರೆದಿಟ್ಟವರ ಸರ್ವರ್‌ಗಳು ಹೋದವು. ಈಗ ನೀವು ವಿಸ್ಫಿಯರ್ 7ರಲ್ಲಿ ಉಳಿದರೆ ಆಗುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಹಾಕಲು ಪ್ಯಾಚೇ ಇರುವುದಿಲ್ಲ. 2025ರ ಮಾರ್ಚ್ 4ರಂದು ಮೂರು ದೋಷಗಳನ್ನು ಪ್ರಕಟಿಸಿದಾಗ, ಅವು ಆಗಲೇ ದಾಳಿಗಳಲ್ಲಿ ಬಳಕೆಯಾಗುತ್ತಿದ್ದವು. ವಿಎಂ ಒಳಗೆ ಅಡ್ಮಿನ್ ಆದವನು ಹೊರಗಿನ ಹೋಸ್ಟ್‌ಗೆ ಕೈಚಾಚಲು ಅವು ದಾರಿ ಕೊಡುತ್ತಿದ್ದವು.

ವೆರ್ಣಾ ವ್ಯಾಲಿಡೇಶನ್:
ಎಲ್ಲರೂ ಬಿಟ್ಟುಬಿಡಿ ಎನ್ನುತ್ತಿದ್ದೀರಿ. ಬಿಡಲಾಗದವರ ಮಾತನ್ನೂ ಕೇಳಿ. ನಾನಿರುವುದು ಗೋವಾದ ವೆರ್ಣಾದ ಒಂದು ಔಷಧ ಕಾರ್ಖಾನೆಯಲ್ಲಿ. ನಮ್ಮ ಮಾತ್ರೆಗಳು ಅಮೆರಿಕಕ್ಕೆ ಹೋಗುತ್ತವೆ, ಹಾಗಾಗಿ ಅಲ್ಲಿಯ ಔಷಧ ನಿಯಂತ್ರಕ ಎಫ್‌ಡಿಎಯ, ವಿದ್ಯುನ್ಮಾನ ದಾಖಲೆಗಳ ಕುರಿತ ನಿಯಮ 21 ಸಿಎಫ್‌ಆರ್ ಭಾಗ 11 ನಮಗೆ ಅನ್ವಯಿಸುತ್ತದೆ. ಪ್ರಯೋಗಾಲಯದ ಉಪಕರಣಗಳ ದತ್ತಾಂಶ ಸೇರುವ ಪ್ರತಿ ಸರ್ವರ್ ಕೂಡ ವ್ಯಾಲಿಡೇಶನ್ (ಸರಿಯಾಗಿ ಕೆಲಸ ಮಾಡುತ್ತದೆಂದು ದಾಖಲೆ ಸಹಿತ ಪರೀಕ್ಷೆ) ಆಗಿರಬೇಕು. ಕೆಳಗಿನ ಹೈಪರ್‌ವೈಸರ್ ಬದಲಿಸುವುದೆಂದರೆ, ಬದಲಾವಣೆಯ ಅರ್ಜಿ, ಅಪಾಯದ ಅಂದಾಜು, ಅಳವಡಿಕೆಯ ಪರೀಕ್ಷೆ, ಕಾರ್ಯಾಚರಣೆಯ ಪರೀಕ್ಷೆ, ಎಲ್ಲಕ್ಕೂ ಗುಣಮಟ್ಟ ವಿಭಾಗದ ಸಹಿ. ಒಂದು ಕ್ರೊಮ್ಯಾಟೋಗ್ರಫಿ ಸರ್ವರ್‌ನ ಕಡತವೇ ಎರಡು ದಪ್ಪ ಫೈಲು ತುಂಬಿತ್ತು. ಉಪಕರಣ ಮಾರಿದವರು, "ನಾವು ಇಂಥ ವೇದಿಕೆಯಲ್ಲಿ ಮಾತ್ರ ಪರೀಕ್ಷಿಸಿದ್ದೇವೆ" ಎಂದು ಬರೆದುಕೊಟ್ಟರೆ ಅಲ್ಲಿಗೆ ಮಾತು ಮುಗಿಯಿತು.

ನಾವು ಕೊನೆಗೆ ಒಡೆದು ಎರಡು ಮಾಡಿದೆವು. ವ್ಯಾಲಿಡೇಶನ್ ಬೇಕಾದ ವಿಎಂಗಳನ್ನೆಲ್ಲ ಎರಡು ಸರ್ವರ್‌ಗೆ ಒತ್ತರಿಸಿ, ಅವಕ್ಕೆ ಮಾತ್ರ ಚಂದಾ ಕಟ್ಟಿ ವಿಸ್ಫಿಯರ್ 8ಕ್ಕೆ ಏರಿದೆವು. ಅದಕ್ಕೆ 2027ರ ಅಕ್ಟೋಬರ್‌ವರೆಗೆ ಬೆಂಬಲವಿದೆ. ಹಾಜರಾತಿ, ಕ್ಯಾಂಟೀನ್, ಕಚೇರಿಯ ಫೈಲ್‌ಗಳೆಲ್ಲ ಪ್ರಾಕ್ಸ್‌ಮಾಕ್ಸ್‌ಗೆ ಹೋದವು. ಕೋರ್‌ಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು.

ಹಿಂಜವಡಿ ಲಿನಕ್ಸ್:
ಇದು ಒಳ್ಳೆಯ ಮಾತು. ನನಗೆ ಈ ಬದಿ ಗೊತ್ತಿರಲಿಲ್ಲ.

ಮೀರಾ ರೋಡ್ ನೆಟ್‌ವರ್ಕ್:
ಹಿರಿಯರು ಹೇಳಿದ್ದು ಸರಿ, ನನ್ನ ಹಿಂದಿನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಇಎಸ್‌ಎಕ್ಸ್‌ಐ ಉಚಿತ ಆವೃತ್ತಿ ಇತ್ತಲ್ಲ, ಅದು ಪೂರ್ತಿ ನಿಂತುಹೋಯಿತೇ?

ಠಾಣೆ ಲೈಸೆನ್ಸ್ ಲೆಕ್ಕ:
2024ರ ಫೆಬ್ರವರಿಯಲ್ಲಿ ನಿಲ್ಲಿಸಿ, 2025ರ ಏಪ್ರಿಲ್‌ನಲ್ಲಿ 8.0 ಅಪ್‌ಡೇಟ್ 3ಇ ಜೊತೆ ಮತ್ತೆ ಕೊಟ್ಟರು. ಆದರೆ ಅದನ್ನು, ಹಲವು ಸರ್ವರ್‌ಗಳನ್ನು ಒಟ್ಟಿಗೆ ನಿರ್ವಹಿಸುವ ವಿಸೆಂಟರ್‌ಗೆ ಸೇರಿಸಲು ಬರುವುದಿಲ್ಲ, ಬ್ಯಾಕಪ್ ತಂತ್ರಾಂಶಗಳಿಗೆ ಬೇಕಾದ ಬಾಗಿಲು ಅದರಲ್ಲಿ ತೆರೆಯುವುದಿಲ್ಲ. ಕಲಿಯಲು ಸಾಕು, ಕಾರ್ಖಾನೆಗಲ್ಲ.

ಭೋಸರಿ ಕನ್ನಡಿಗ:
ಮಾಲೀಕರ ಜೊತೆ ಎರಡು ತಾಸು ಕೂತೆ. ಠಾಣೆಯ ಮೇಡಂ ಬರೆದ ಲೆಕ್ಕ, ಐರೋಲಿಯವರ ಅಂಧೇರಿ ಕಥೆ ಎರಡನ್ನೂ ಮರಾಠಿಯಲ್ಲಿ ಹೇಳಿದೆ. ಟೇಪಿನ ಬೀರುವಿನ ಮಾತು ಬಂದಾಗ ಅವರು, "ನಮ್ಮ ಬ್ಯಾಕಪ್ ಎಲ್ಲಿದೆ?" ಎಂದು ಕೇಳಿದರು. ಅದೇ ರ್‍ಯಾಕಿನಲ್ಲಿದೆ ಎಂದೆ. ಟೇಪ್ ಡ್ರೈವಿಗೆ ಆ ಕ್ಷಣವೇ ಒಪ್ಪಿಗೆ ಸಿಕ್ಕಿತು.

ಪ್ರಾಕ್ಸ್‌ಮಾಕ್ಸ್‌ಗೆ ಹೋಗುವುದೆಂದು ಸದ್ಯಕ್ಕೆ ಮನಸ್ಸು ಮಾಡಿದ್ದೇವೆ, ಚಂದಾ ಸಹಿತ. ಸಾಗಿಸುವಾಗ ಎಲ್ಲೆಲ್ಲಿ ಎಡವುತ್ತೇವೆ ಎಂದು ಹೋಗಿಬಂದವರು ಹೇಳಬೇಕು.

ಹಿಂಜವಡಿ ಲಿನಕ್ಸ್:
ನಾವು ಎಡವಿದ ಜಾಗಗಳನ್ನೇ ಹೇಳುತ್ತೇನೆ.

ಮೊದಲು ಒಂದು ಸರ್ವರ್ ಖಾಲಿ ಮಾಡಬೇಕು. ಉಳಿದೆರಡರ ಮೆಮೊರಿ 22 ವಿಎಂಗಳನ್ನೂ ಹೊರುತ್ತದೆಯೇ ಎಂದು ನೋಡಿಕೊಳ್ಳಿ. ಸ್ಟೋರೇಜ್‌ನಲ್ಲಿ ಹೊಸ ಲನ್ (ಸರ್ವರ್‌ಗಳಿಗೆ ಡಿಸ್ಕ್‌ನಂತೆ ಕಾಣುವ ಭಾಗ) ಮಾಡಲು ಖಾಲಿ ಜಾಗ ಬೇಕು, ಏಕೆಂದರೆ ವಿಎಂವೇರ್ ಬರೆದ ಡಿಸ್ಕನ್ನು ಪ್ರಾಕ್ಸ್‌ಮಾಕ್ಸ್ ಇದ್ದ ಹಾಗೆಯೇ ಬಳಸುವುದಿಲ್ಲ, ನಕಲು ಮಾಡಿಕೊಳ್ಳಬೇಕು. 2024ರಿಂದ ಇಎಸ್‌ಎಕ್ಸ್‌ಐನಿಂದ ನೇರವಾಗಿ ಎಳೆದುಕೊಳ್ಳುವ ಸೌಲಭ್ಯ ಅದರೊಳಗೇ ಇದೆ. ಕ್ಲಸ್ಟರ್‌ಗೆ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಸೇರುವ ಸರ್ವರ್ ಮೇಲೆ ಒಂದು ವಿಎಂ ಕೂಡ ಇರಬಾರದು, ಸೇರಿದ ಮೇಲೆ ತುಂಬಬೇಕು. ಎರಡೇ ಸರ್ವರ್ ಸೇರಿರುವ ನಡುಗಾಲದಲ್ಲಿ ಒಂದು ನಿಂತರೆ, ಬಹುಮತವಿಲ್ಲದೆ ಇನ್ನೊಂದೂ ಹೊಸ ವಿಎಂ ಎಬ್ಬಿಸಲು ಒಪ್ಪುವುದಿಲ್ಲ. ಆ ಅವಧಿಯನ್ನು ಚಿಕ್ಕದಾಗಿಡಿ, ಇಲ್ಲವೇ ಮೂರನೆಯ ಮತಕ್ಕೆ ಒಂದು ಸಣ್ಣ ಯಂತ್ರ ಇಡಿ.

ವಿಂಡೋಸ್ ವಿಎಂಗಳಲ್ಲಿ, ವಿಎಂವೇರ್ ಹಾಕಿಸಿದ ಸಹಾಯಕ ತಂತ್ರಾಂಶ ವಿಎಂವೇರ್ ಟೂಲ್ಸ್ ಅನ್ನು ಸಾಗಿಸುವ ಮೊದಲೇ ತೆಗೆಯಿರಿ. ಕೆವಿಎಂನ ಡಿಸ್ಕ್ ಮತ್ತು ನೆಟ್‌ವರ್ಕ್‌ಗೆ ಬೇಕಾದ ವರ್ಟ್‌ಐಒ ಡ್ರೈವರ್ ಇಲ್ಲದೆ ನೇರ ಬೂಟ್ ಮಾಡಿದರೆ ಬೂಟ್ ಡಿಸ್ಕ್ ಸಿಗಲಿಲ್ಲ ಎಂಬ ನೀಲಿ ಪರದೆ ಬರುತ್ತದೆ. ಡಿಸ್ಕನ್ನು ಮೊದಲು ಸಾಟಾ ಎಂದು ಜೋಡಿಸಿ ಎಬ್ಬಿಸಿ, ಒಂದು ಚಿಕ್ಕ ಹೆಚ್ಚುವರಿ ಡಿಸ್ಕನ್ನು ವರ್ಟ್‌ಐಒ ಮೂಲಕ ಕೊಟ್ಟು ಡ್ರೈವರ್ ಕೂರಿಸಿ, ಆಮೇಲೆ ಬೂಟ್ ಡಿಸ್ಕನ್ನು ಅದಕ್ಕೆ ಬದಲಿಸಿ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗುತ್ತದೆ. ನಮ್ಮಲ್ಲಿ ಇಎನ್‌ಎಸ್192 ಎಂದಿದ್ದದ್ದು ಇಎನ್‌ಎಸ್18 ಆಗಿ, ಐಪಿ ವಿಳಾಸವಿಲ್ಲದೆ ಎದ್ದು ಕೂತಿತು. ಮೊದಲ ರಾತ್ರಿ ಒಂದು ತಾಸು ಸ್ವಿಚ್ಚನ್ನೇ ಅನುಮಾನಿಸಿದೆವು.

ಐರೋಲಿ ರಾತ್ರಿಪಾಳಿ:
ಐಸ್ಕಸಿ ಸ್ಟೋರೇಜ್ ಬಗ್ಗೆ ನೀವು ಹೇಳದೆ ಬಿಟ್ಟ ಒಂದು ಮಾತಿದೆ. ಹಂಚಿಕೆಯ ಲನ್ ಮೇಲೆ ಲಿನಕ್ಸ್‌ನ ಡಿಸ್ಕ್ ವಿಂಗಡಣೆಯ ವ್ಯವಸ್ಥೆ ಎಲ್‌ವಿಎಂ ಬಳಸಿದರೆ, ವಿಎಂವೇರ್‌ನಲ್ಲಿ ಇದ್ದಂಥ ಸ್ನಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿಯನ್ನು ಉಳಿಸಿ, ಬೇಕಾದಾಗ ಅಲ್ಲಿಗೆ ಮರಳುವ ಸೌಲಭ್ಯ) ಇಷ್ಟು ದಿನ ಸಿಗುತ್ತಿರಲಿಲ್ಲ. 2025ರ ಆಗಸ್ಟ್‌ನ 9.0 ಆವೃತ್ತಿಯಲ್ಲಿ ಸೇರಿಸಿದ್ದಾರೆ, ಆದರೆ ಪ್ರಾಯೋಗಿಕ ಹಂತವೆಂದು ಅವರೇ ಬರೆದಿದ್ದಾರೆ. ಇಆರ್‌ಪಿ ಅಪ್‌ಡೇಟ್‌ಗೆ ಮುಂಚೆ ಸ್ನಾಪ್‌ಶಾಟ್ ತೆಗೆಯುವ ಅಭ್ಯಾಸ ಇದ್ದವರು ಬ್ಯಾಕಪ್ ತೆಗೆಯುವ ಅಭ್ಯಾಸ ಮಾಡಿಕೊಳ್ಳಬೇಕು.

ನಿರ್ವಹಣೆಯ ಪುಟ 8006ನೇ ಪೋರ್ಟಿನಲ್ಲಿ ತೆರೆಯುತ್ತದೆ. ಅದನ್ನು ಪ್ರತ್ಯೇಕ ವಿಲ್ಯಾನ್‌ನಲ್ಲಿಡಿ (ನೆಟ್‌ವರ್ಕ್‌ನ ಬೇರ್ಪಟ್ಟ ಭಾಗ), ಕಾರ್ಖಾನೆಯ ಯಾವ ಕಂಪ್ಯೂಟರಿಗೂ ಕಾಣದಿರಲಿ. ಎರಡನೆಯ ಹಂತದ ಪರಿಶೀಲನೆ ಅದರೊಳಗೇ ಇದೆ, ಮೊದಲ ದಿನವೇ ಹಾಕಿ. ಡೊಮೇನ್‌ಗೆ ಜೋಡಿಸಬೇಡಿ. 2024ರಲ್ಲಿ ಡೊಮೇನ್‌ಗೆ ಸೇರಿದ್ದ ಇಎಸ್‌ಎಕ್ಸ್‌ಐಗಳಲ್ಲಿ "ಇಎಸ್‌ಎಕ್ಸ್ ಅಡ್ಮಿನ್ಸ್" ಎಂಬ ಹೆಸರಿನ ಗುಂಪೊಂದನ್ನು ಹುಟ್ಟಿಸಿದರೆ ಸಾಕು, ಅದರ ಸದಸ್ಯನಿಗೆ ಪೂರ್ತಿ ಅಧಿಕಾರ ಸಿಗುತ್ತಿತ್ತು. ರ್‍ಯಾನ್ಸಮ್‌ವೇರ್ ಗುಂಪುಗಳು ಅದನ್ನೇ ಬಳಸಿದವು.

ವೆರ್ಣಾ ವ್ಯಾಲಿಡೇಶನ್:
ಕ್ಯಾಡ್ ಲೈಸೆನ್ಸ್ ಸರ್ವರ್ ಇದೆ ಎಂದಿರಿ. ಅದು ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಕಟ್ಟಿದ್ದಾಗಿದ್ದರೆ, ಸಾಗಿಸಿದ ಮರುದಿನ ವಿನ್ಯಾಸ ವಿಭಾಗವೆಲ್ಲ ಕೈಕಟ್ಟಿ ಕೂರುತ್ತದೆ.

ಠಾಣೆ ಲೈಸೆನ್ಸ್ ಲೆಕ್ಕ:
ಹೌದು. ವಿಎಂವೇರ್ ಕೊಡುವ ಮ್ಯಾಕ್ ಸಾಮಾನ್ಯವಾಗಿ 00:50:56ರಿಂದ ಶುರುವಾಗುತ್ತದೆ, ಪ್ರಾಕ್ಸ್‌ಮಾಕ್ಸ್ ಬಿಸಿ:24:11ರಿಂದ ಶುರುವಾಗುವ ಹೊಸದನ್ನು ಕೊಡುತ್ತದೆ. ಹಳೆಯ ವಿಳಾಸವನ್ನೇ ಕೈಯಿಂದ ಬರೆದು ಕೊಡಬಹುದು, ಆದರೆ ಕ್ಯಾಡ್ ಕಂಪನಿಯ ಒಪ್ಪಂದ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಓದಿ, ಅನುಮಾನವಿದ್ದರೆ ಅವರಿಂದಲೇ ಹೊಸ ಲೈಸೆನ್ಸ್ ಫೈಲ್ ಬರೆಸಿಕೊಳ್ಳಿ. ಟ್ಯಾಲಿಯಲ್ಲಿ ಲೈಸೆನ್ಸ್ ಅನ್ನು ಹಳೆಯ ಜಾಗದಲ್ಲಿ ಸರೆಂಡರ್ ಮಾಡಿ, ಹೊಸ ಜಾಗದಲ್ಲಿ ಆಕ್ಟಿವೇಟ್ ಮಾಡಿ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವಾರದಲ್ಲಿ ಮಾತ್ರ ಇದಕ್ಕೆ ಕೈಹಾಕಬೇಡಿ.

ಮಡಗಾಂವ್ ಮೂವತ್ತು ಕಂಪ್ಯೂಟರ್:
ನಾನು ಶುರುವಿನಲ್ಲಿ ಮಾಲೀಕರ ಪರ ಮಾತಾಡಿದ್ದೆ. ಈಗ ನಮ್ಮ ಹೋಟೆಲಿನ ಬ್ಯಾಕಪ್ ಯಾವ ಪಾಸ್‌ವರ್ಡಿನಲ್ಲಿದೆ ಎಂದು ನೋಡಿಬಂದೆ. ಸರ್ವರ್‌ನದ್ದೂ ಅದರದ್ದೂ ಒಂದೇ ಇತ್ತು, ಬದಲಿಸಿದೆ.

ಭೋಸರಿ ಕನ್ನಡಿಗ:
ಮೊದಲ ಪ್ರಯೋಗ ಮುಗಿಯಿತು. ನಮ್ಮ ಕಾರ್ಖಾನೆಗೆ ಗುರುವಾರ ವಾರದ ರಜೆ. ಬುಧವಾರ ರಾತ್ರಿ ಪಾಳಿ ಬಿಟ್ಟ ಮೇಲೆ ಮೂರನೆಯ ಸರ್ವರ್ ಖಾಲಿ ಮಾಡಿ, ಹಾಜರಾತಿಯ ಲಿನಕ್ಸ್ ವಿಎಂ ಒಂದನ್ನು ಎಳೆದುಕೊಂಡೆವು. ಹಿಂಜವಡಿಯವರು ಹೇಳಿದಂತೆಯೇ ಇಎನ್‌ಎಸ್18 ಎಂದು ಎದ್ದಿತು, ಹೆಸರು ತಿದ್ದಿದ ಕೂಡಲೇ ಗೇಟಿನ ಪಂಚಿಂಗ್ ಯಂತ್ರದ ಜೊತೆ ಮಾತಾಡತೊಡಗಿತು. ಪ್ರಿಂಟ್ ಸರ್ವರ್ ಮತ್ತು ಫೈಲ್ ಸರ್ವರ್‌ಗಳನ್ನು ಲಿನಕ್ಸ್‌ಗೆ ಬದಲಿಸಿದರೆ ವಿಂಡೋಸ್ ಏಳಕ್ಕೆ ಇಳಿಯುತ್ತದೆ ಮೇಡಂ. ಆಗ ನಾಲ್ಕು ಒಂದರಲ್ಲಿ, ಮೂರು ಇನ್ನೊಂದರಲ್ಲಿ ಕಟ್ಟಿಹಾಕಿದರೆ 96 ಕೋರ್ ಸಾಕಲ್ಲವೇ?

ಠಾಣೆ ಲೈಸೆನ್ಸ್ ಲೆಕ್ಕ:
ಸಾಕು. ಎರಡು ಪಾಲು ಅಲ್ಲಿ, ಎರಡು ಪಾಲು ಇಲ್ಲಿ, 96. ನಿಮ್ಮ ಬಳಿ 120 ಇದೆ. ಉಳಿದ 24ನ್ನು ಮೂರನೆಯ ಸರ್ವರ್‌ಗೆ ಬರೆದಿಟ್ಟು, ಎರಡನೆಯ ಡೊಮೇನ್ ಕಂಟ್ರೋಲರನ್ನು ಅಲ್ಲಿ ಕೂರಿಸಿ. ಯಾವ ಲೈಸೆನ್ಸ್ ಯಾವ ಸರ್ವರ್‌ಗೆ ಎಂದು ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದು, ಮಾಲೀಕರ ಸಹಿ ಪಡೆದು ಫೈಲ್ ಮಾಡಿ.

ಭೋಸರಿ ಕನ್ನಡಿಗ:
ಹಾಗೇ ಮಾಡುತ್ತೇನೆ. ಬರುವ ಬುಧವಾರ ರಾತ್ರಿ ಕ್ಯಾಡ್ ಸರ್ವರ್ ಸರದಿ. ಹೊಸ ಲೈಸೆನ್ಸ್ ಫೈಲಿಗೆ ಇವತ್ತೇ ಪತ್ರ ಬರೆದಿದ್ದೇನೆ.